ಮೆತ್ತಗೆ ಬೇಯುವ ಮಾಂಸ

ಜನವರಿ 9

ನಮಸ್ಕಾರ.

ವಿಳಾಸ ಚಿಕ್ಕಮ್ಮ ಕೊಟ್ಟರು. ನೀವು ಉಪ್ಪಿನ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತೀರಿ ಎಂದೂ ಅವರೇ ಹೇಳಿದರು. ಇಷ್ಟು ವರ್ಷದ ಮೇಲೆ ಪತ್ರ ಬಂತೆಂದು ಬೇರೆ ಏನೇನೋ ಅಂದುಕೊಳ್ಳಬೇಡಿ. ಕೇಳುವುದು ಒಂದೇ ಒಂದು.

ಅಪ್ಪನಿಗೆ ನರದ ಕಾಯಿಲೆ. ಹೋದ ವರ್ಷ ನಾಲಿಗೆ ತೊದಲಲು ಶುರುವಾಯಿತು. ಕುಡಿದು ಬಂದಿದ್ದಾನೆ ಎಂದು ಜೊತೆಯ ಕೆಲಸಗಾರರು ನಕ್ಕರಂತೆ. ಈಗ ಮಾತು ಪೂರ್ತಿ ನಿಂತಿದೆ. ಬಾಯಿ, ಗಂಟಲು ಸೋಲುತ್ತಿವೆ. ಆಮೇಲೆ ಕೈ, ಆಮೇಲೆ ಕಾಲು, ಕೊನೆಗೆ ಉಸಿರು ಎಂದು ಡಾಕ್ಟರು ಮುಂದಿನ ಬಸ್‌ಸ್ಟಾಪುಗಳನ್ನು ಎಣಿಸಿದ ಹಾಗೆ ಹೇಳಿದರು. ಟೈಲ್ಸ್ ಹಾಕುವ ಕೆಲಸ ಬಿಟ್ಟಾಯಿತು. ಮನೆಯಲ್ಲಿ ನಾವಿಬ್ಬರೇ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಹೋಗಿ ಸಂಜೆ ಬರುತ್ತೇನೆ.

ಏನು ಮಾಡಿ ಹಾಕಿದರೂ ಅಪ್ಪ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಹೋದ ವಾರ ಸ್ಲೇಟಿನ ಮೇಲೆ ‘ಸುರುಳಿ’ ಎಂದು ಬರೆದು ತೋರಿಸಿದರು. ನನಗೆ ಅರ್ಥವಾಗಲಿಲ್ಲ. ಅಟ್ಟದ ಮೇಲೆ ಬೆರಳು ತೋರಿಸಿದರು. ಅಲ್ಲಿ ಹಳೇ ಸ್ಲೋ ಕುಕ್ಕರ್ ಇತ್ತು. ಆಗ ನೆನಪಾಯಿತು. ನೀವು ದನದ ಮಾಂಸದೊಳಗೆ ಏನೋ ತುಂಬಿ, ಸುತ್ತಿ, ದಾರ ಕಟ್ಟಿ ಅದರಲ್ಲಿ ಬೇಯಿಸುತ್ತಿದ್ದಿರಿ. ಕೆಂಪಗಿರುತ್ತಿತ್ತು. ಚಮಚ ತಾಗಿಸಿದರೆ ಬಿಡಿಬಿಡಿಯಾಗುತ್ತಿತ್ತು.

ಅದನ್ನು ಮಾಡುವ ಬಗೆ ಬರೆದು ಕಳಿಸಿ. ಅಷ್ಟೇ ಬರೆಯಿರಿ. ಫೋನ್ ಮಾಡಬೇಡಿ. ಅಪ್ಪನಿಗೆ ಎಲ್ಲ ಹೋದರೂ ಕಿವಿ ಮಾತ್ರ ಹಾವಿನ ಹಾಗೆ ಚುರುಕಾಗಿದೆ.

ಇಂತಿ,
ನಿಮ್ಮ ತಂಗಿಯ ಅಕ್ಕನ ಮಗಳು


ಜನವರಿ 20

ಮಗಳೇ,

ಕವರಿನ ಮೇಲಿನ ಅಕ್ಷರದಿಂದ ಯಾರೆಂದು ಗುರುತು ಸಿಗಲಿಲ್ಲ. ನಾನು ಕಂಡಿದ್ದು ನಿನ್ನ ಮೂರನೇ ಕ್ಲಾಸಿನ ಅಕ್ಷರ. ಬೇರೆ ಏನೂ ಬರೆಯಬೇಡ ಎಂದಿದ್ದೀಯ. ಬರೆಯುವುದಿಲ್ಲ. ಫೋನಿನ ಮಾತು ಹೇಗೂ ಇಲ್ಲ, ಫೋನಿನಲ್ಲಿ ನನ್ನ ಮಾತು ಯಾರಿಗೂ ಸರಿಯಾಗಿ ತಿಳಿಯುವುದಿಲ್ಲ.

ತೊಡೆಯ ಮಾಂಸ ತಗೋ. ಎಳೆಗೆ ಅಡ್ಡವಾಗಿ, ಅಂಗೈಯಗಲ, ತೆಳ್ಳಗೆ ಹಾಳೆಯಂತೆ ಕೊಯ್ದು ಕೊಡಲು ಹೇಳು. ಎಳೆಯ ಉದ್ದಕ್ಕೆ ಕೊಯ್ದರೆ ದಿನವಿಡೀ ಬೇಯಿಸಿದರೂ ನಾರು ನಾರೇ. ಮನೆಗೆ ತಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಲಟ್ಟಣಿಗೆಯಿಂದ ಬಡಿ. ಉಪ್ಪು, ಜೀರಿಗೆ ಪುಡಿ, ಕರಿಮೆಣಸು ಸವರಿ ಇಡು.

ಒಣಮೆಣಸಿನಕಾಯಿಯ ಬೀಜ ಉದುರಿಸಿ ಕಾವಲಿಯ ಮೇಲೆ ಘಮ್ಮೆನ್ನುವವರೆಗೆ ಬಾಡಿಸು, ಕರಕಲಾದರೆ ಕಹಿ. ಬಿಸಿನೀರಲ್ಲಿ ನೆನೆಹಾಕಿ, ಸುಟ್ಟ ಟೊಮೆಟೊ, ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ರುಬ್ಬು. ಒಳಗೆ ತುಂಬಲು ಈರುಳ್ಳಿ, ಸಿಪ್ಪೆ ಸುಲಿದ ದೊಡ್ಡ ಮೆಣಸಿನಕಾಯಿ, ಬೇಯಿಸಿದ ರಾಜ್ಮಾ ಅಥವಾ ಅಂಥ ಯಾವುದಾದರೂ ಕಾಳು, ಸ್ವಲ್ಪ ಚೀಸ್. ಬಹಳ ತುಂಬಬೇಡ, ಬಾಯಿ ಬಿಡುತ್ತದೆ. ಸುತ್ತಿ, ಬಿಳಿ ಹತ್ತಿ ದಾರದಿಂದ ಎರಡು ಕಡೆ ಕಟ್ಟು. ಬಣ್ಣದ ದಾರ ಬೇಡ. ಎಣ್ಣೆಯಲ್ಲಿ ಸುತ್ತಲೂ ಕೆಂಪಗೆ ಮಾಡಿ, ಕುಕ್ಕರಿನ ತಳಕ್ಕೆ ಈರುಳ್ಳಿ ಹಾಸಿ, ಅದರ ಮೇಲೆ ಜೋಡಿಸಿ, ರುಬ್ಬಿದ್ದನ್ನು ಸುರಿ. ಕಾವು ಕೆಳಗಿನ ಗುರುತಿನಲ್ಲಿಡು. ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಹಾಕಿದರೆ ಸಂಜೆ ಬಂದು ತೆಗೆಯಬಹುದು. ನಡುವೆ ಮುಚ್ಚಳ ತೆಗೆದು ಇಣುಕಬೇಡ, ತೆಗೆದ ಪ್ರತಿ ಸಲ ಅದು ಮುನಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಚಿಕ್ಕವಳಿದ್ದಾಗ ನೀನು ಅದಕ್ಕೆ ಆಮೆ ಎಂದು ಹೆಸರಿಟ್ಟಿದ್ದೆ.

ದಾರ ಬಿಚ್ಚುವುದನ್ನು ಮರೆಯಬೇಡ. ಇದನ್ನು ನನಗೆ ಕಲಿಸಿದ್ದು ಕೆಳಮನೆಯ ದರ್ಜಿ ಹೆಂಗಸು, ಮೆಕ್ಸಿಕೋ ದೇಶದವಳು. ನೀನು ಮೆಣಸಿನಜ್ಜಿ ಎನ್ನುತ್ತಿದ್ದೆಯಲ್ಲ, ಅವಳು. ಹೊಲಿಯುವವಳಾದ್ದರಿಂದ ಅವಳು ಕಟ್ಟಿದ ಗಂಟು ಒಂದೇ ಎಳೆತಕ್ಕೆ ಬಿಚ್ಚುತ್ತಿತ್ತು.

ಇಷ್ಟೇ.

ಇಂತಿ,
ಅಮ್ಮ


ಫೆಬ್ರವರಿ 6

ನಮಸ್ಕಾರ.

ಮೊದಲ ಸಲ ಕೆಟ್ಟಿತು. ಮಾಂಸದಂಗಡಿಯವನು ಉದ್ದಕ್ಕೇ ಕೊಯ್ದು ಕೊಟ್ಟಿದ್ದ, ನನಗೆ ತಿಳಿಯಲಿಲ್ಲ. ಅಪ್ಪ ಜಗಿದರು, ಜಗಿದರು, ಕೊನೆಗೆ ಉಗಿದರು. ಎರಡನೆಯ ಸಲ ಎದುರು ನಿಂತು ಕೊಯ್ಸಿದೆ. ಆವತ್ತು ಒಂದು ಇಡೀ ಸುರುಳಿ ತಿಂದರು. ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಯಿತಾ ಎಂದು ಕೇಳಿದರೆ ತಲೆ ಅಡ್ಡ ಆಡಿಸಿದರು.

ಆಮೇಲೆ ಸ್ಲೇಟು ತಗೊಂಡು ‘ಯಾರು ಹೇಳಿಕೊಟ್ಟರು’ ಎಂದು ಬರೆದರು. ಮೊಬೈಲಲ್ಲಿ ನೋಡಿದೆ ಎಂದೆ. ಬಹಳ ಹೊತ್ತು ನನ್ನ ಮುಖ ನೋಡಿದರು. ಮತ್ತೆ ಕೇಳಲಿಲ್ಲ. ಕೈ ಆಗಲೇ ನಡುಗುತ್ತದೆ. ಟೈಲ್ಸಿನ ಮಟ್ಟ ನೋಡದೆಯೇ ಹೇಳುತ್ತಿದ್ದ ಮನುಷ್ಯನಿಗೆ ಈಗ ಅಕ್ಷರ ಒಂದು ಗೆರೆಯಲ್ಲಿ ನಿಲ್ಲುವುದಿಲ್ಲ.

ಉಪಕಾರವಾಯಿತು. ಇನ್ನು ತೊಂದರೆ ಕೊಡುವುದಿಲ್ಲ.

ಇಂತಿ,
ಮಗಳು


ಮಾರ್ಚ್ 2

ಮಗಳೇ,

ತೊಂದರೆಯಿಲ್ಲ. ಬರೆಯಬೇಕೆನಿಸಿದರೆ ಬರೆ, ಇಲ್ಲದಿದ್ದರೆ ಇಲ್ಲ.

ಇಲ್ಲಿ ಎಲ್ಲ ಉಪ್ಪಿನ ರಾಶಿ. ಬಟ್ಟೆ ಒಗೆದು ಹಾಕಿದರೆ ಒಣಗುವಾಗ ತಾನೇ ನಿಂತುಕೊಳ್ಳುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಅನ್ನುತ್ತಾರಲ್ಲ, ಇಲ್ಲಿಯವರು ತಿನ್ನದೆಯೇ ಕುಡಿಯುತ್ತಿರುತ್ತಾರೆ. ಕ್ಯಾಂಟೀನಿನಲ್ಲಿ ನನ್ನ ಅಡುಗೆಗೆ ಉಪ್ಪು ಕಡಿಮೆ ಎಂದು ದಿನಾ ಜಗಳ.

ಅವರು ಚೆನ್ನಾಗಿ ತಿನ್ನುತ್ತಿದ್ದಾರಾ? ನೀನು ತಿನ್ನುತ್ತೀಯಾ?

ಇಂತಿ,
ಅಮ್ಮ


ಏಪ್ರಿಲ್ 11

ನಮಸ್ಕಾರ.

ಬರೆಯಬಾರದೆಂದಿದ್ದೆ. ಆದರೆ ಕೇಳಲು ಬೇರೆ ಯಾರೂ ಇಲ್ಲ.

ಸುರುಳಿಯನ್ನು ಈಗ ತುಂಡಾಗಿ ತಿನ್ನಲು ಆಗುತ್ತಿಲ್ಲ. ಮೊನ್ನೆ ಚೀಸ್ ಎಳೆಯಾಗಿ ಗಂಟಲಿಗೆ ಸಿಕ್ಕಿಕೊಂಡಿತು. ಮುಖ ನೀಲಿಯಾಯಿತು. ನಾನು ಬೆನ್ನಿಗೆ ಗುದ್ದಿದೆ, ಬಾಯಿಗೆ ಬೆರಳು ಹಾಕಿದೆ, ಅಪ್ಪ ನನ್ನ ಬೆರಳು ಕಚ್ಚಿದರು. ಬೇಕೆಂದು ಕಚ್ಚಿದ್ದಲ್ಲ. ಕೊನೆಗೆ ಅದು ಹೊರಬಂತು. ಇಬ್ಬರೂ ನೆಲದ ಮೇಲೆ ಕೂತು ಏದುಸಿರು ಬಿಟ್ಟೆವು. ಆ ನೆಲದ ಟೈಲ್ಸ್ ಅಪ್ಪನೇ ಹಾಕಿದ್ದು. ಒಂದು ಕಡೆ ಚೂರು ಒಡೆದಿದೆ ಎಂದು ನನಗೆ ಬೆರಳಲ್ಲಿ ತೋರಿಸಿದರು, ಅಷ್ಟರಲ್ಲೂ.

ಅಂಗಡಿಯ ಯಜಮಾನರು ಅರ್ಧ ದಿನ ಬಂದರೆ ಸಾಕು ಎಂದಿದ್ದಾರೆ. ಒಳ್ಳೆಯವರೇ. ಆದರೆ ನನ್ನ ಮೇಜಿನ ಮೇಲೆ ಆಗಲೇ ಬೇರೊಬ್ಬಳ ಟಿಫಿನ್ ಡಬ್ಬಿ ಕೂತಿದೆ.

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ. ಅಪ್ಪನಿಗೆ ಹಲ್ಲೂ ಇದೆ, ಕಡಲೆಯೂ ಇದೆ. ನಡುವೆ ಇರಬೇಕಾದ್ದೇ ಇಲ್ಲ. ಜಗಿಯದೆ ತಿನ್ನುವ ಹಾಗೆ ಇದನ್ನು ಹೇಗೆ ಮಾಡುವುದು? ರುಚಿ ಅದೇ ಇರಬೇಕು. ಬೇರೆ ಏನನ್ನೂ ಮುಟ್ಟುವುದಿಲ್ಲ.

ಇಂತಿ,
ಮಗಳು


ಏಪ್ರಿಲ್ 19

ಮಗಳೇ,

ಚೀಸ್ ಬಿಡು. ಕಾಳಿನ ಸಿಪ್ಪೆಯನ್ನೂ ಬಿಡು. ಸುರುಳಿಯನ್ನು ಇನ್ನೂ ಹೆಚ್ಚು ಹೊತ್ತು ಆಮೆಯಲ್ಲೇ ಬಿಡು. ಬಿಸಿ ಇರುವಾಗಲೇ ದಾರ ತೆಗೆದು ಬೆರಳಿಂದ ಎಳೆ ಬಿಡಿಸಿ, ಅದರದೇ ಸಾರು ಹಾಕಿ ಎರಡು ಸಲ ರುಬ್ಬು. ಆಮೇಲೆ ತೆಳು ಬಟ್ಟೆಯಲ್ಲಿ ಸೋಸು. ಸಾಣಿಗೆ ಸಾಲದು, ಅದರಲ್ಲಿ ಕೂದಲಿನಂಥ ನಾರು ಇಳಿದು ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ತೆಗೆಯಲು ಆಗುವುದಿಲ್ಲ, ಅಲ್ಲೇ ಕೊಳೆಯುತ್ತದೆ. ಮತ್ತೆ ಸಾರು ಸೇರಿಸಿ ಹಾಲಿನಷ್ಟು ತೆಳ್ಳಗೆ ಮಾಡು. ಸ್ಟ್ರಾ ಹಾಕಿ ಕೊಡು. ಸ್ಟ್ರಾವನ್ನು ನೇರ ಮುಂದೆ ಇಡಬೇಡ, ಕೆನ್ನೆಯ ಪಕ್ಕದಿಂದ ಹಿಂದಿನ ಹಲ್ಲುಗಳ ಹತ್ತಿರಕ್ಕೆ ಸರಿಸು. ಉಪ್ಪು, ಖಾರ ಅರ್ಧ ಮಾಡು, ತುಟಿಯ ಮೂಲೆ ಒಡೆದಿರುತ್ತದೆ, ಉರಿಯುತ್ತದೆ.

ಕುಡಿದರೆ ಹೊಟ್ಟೆ ತುಂಬುತ್ತದೆ, ಹಸಿವು ಹೋಗುವುದಿಲ್ಲ. ಹಲ್ಲಿಗೆ ಬೇರೆ ಹಸಿವು ಇರುತ್ತದೆ. ಕನಸಿನಲ್ಲಿ ಜಗಿಯುತ್ತಾರೆ. ಹಾಗಾಗಿ ಕುಡಿಸುವಾಗ ಎದುರು ಕೂತು ನೀನು ಏನನ್ನೂ ಕರುಂಕುರುಂ ಅನ್ನಿಸಬೇಡ.

ಇಂತಿ,
ಅಮ್ಮ


ಮೇ 8

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ನೀವು ಹೇಳಿದ ಹಾಗೆಯೇ ಮಾಡಿದೆ. ಹಾಲಿನಷ್ಟು ತೆಳ್ಳಗೆ, ಸ್ಟ್ರಾ ಹಾಕಿ, ಕೆನ್ನೆಯ ಪಕ್ಕದಿಂದ. ಅಪ್ಪ ಕಣ್ಣು ಮುಚ್ಚಿ ಕುಡಿಯುತ್ತಿದ್ದರು. ಸ್ವಲ್ಪ ಕೆಮ್ಮು ಬರುತ್ತಿತ್ತು, ಕೆಮ್ಮೇ ತಾನೆ ಎಂದುಕೊಂಡೆ. ಆಮೇಲೆ ಜ್ವರ. ಆಮೇಲೆ ಎದೆಯೊಳಗೆ ಗೊರಗೊರ ಸದ್ದು. ಇಲ್ಲಿಗೆ ತಂದಾಗ ಶ್ವಾಸಕೋಶದ ತುಂಬ ಸೋಂಕು. ಕುಡಿದದ್ದರಲ್ಲಿ ಅಷ್ಟಿಷ್ಟು ಹೊಟ್ಟೆಗೆ ಹೋಗದೆ ಅಲ್ಲಿಗೇ ಇಳಿಯುತ್ತಿತ್ತಂತೆ.

ವಾರ್ಡಿನ ನರ್ಸಮ್ಮ ಏನು ಕೊಡುತ್ತಿದ್ದೆ ಎಂದು ಕೇಳಿದರು. ಒಂದೊಂದಾಗಿ ಹೇಳಿದೆ. ಬಟ್ಟೆಯಲ್ಲಿ ಸೋಸಿದ್ದು, ಸ್ಟ್ರಾ, ಒಡೆದ ತುಟಿ, ಎಲ್ಲ. ಅವರು ಬೈಯಲಿಲ್ಲ. ಗಂಟಲು ಸೋತವರಿಗೆ ತೆಳ್ಳಗಿನದು ಕೊಡಲೇಬಾರದು, ಗಟ್ಟಿಯಾಗಿ, ಚಮಚ ಬಗ್ಗಿಸಿದರೂ ಬೀಳದ ಹಾಗಿರಬೇಕು, ಗಲ್ಲವನ್ನು ಎದೆಗೆ ತಗ್ಗಿಸಿ ನುಂಗಿಸಬೇಕು ಎಂದರು. ಆಮೇಲೆ ಕೇಳಿದರು:

“ಇದನ್ನ ನಿಂಗೆ ಯಾರಮ್ಮ ಹೇಳ್ಕೊಟ್ಟಿದ್ದು? ಹೀಗೆ ಕೊಡೋದು ದವಡೆ ಮುರಿದು ತಂತಿ ಕಟ್ಟಿರೋರಿಗೆ.”

ಅವರು ಮುಂದಿನ ಹಾಸಿಗೆಗೆ ಹೋದರು.

ಅಮ್ಮ, ನಾನು ಒಂಬತ್ತು ವರ್ಷದವಳಿದ್ದಾಗ ನೀನು ತುಂಬ ದಿನ ಮುಖಕ್ಕೆ ಶಾಲು ಕಟ್ಟಿಕೊಂಡು ಮಲಗಿದ್ದೆ. ಬಚ್ಚಲಲ್ಲಿ ಜಾರಿ ಬಿದ್ದಳು, ಹಲ್ಲು ನೋವು ಎಂದು ಅಪ್ಪ ಹೇಳಿದ್ದರು. ನೀನು ಮಾತಾಡುತ್ತಿರಲಿಲ್ಲ, ನನ್ನ ಮೇಲೆ ಸಿಟ್ಟು ಅಂದುಕೊಂಡಿದ್ದೆ. ಅದು ಹಲ್ಲು ನೋವಾ?

ಇನ್ನೊಂದು. ಕೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ತೆಳ್ಳಗೆ ಮಾಡು ಎಂದದ್ದು ನೀನು ಬೇಕೆಂದೇನಾ?

ಮೂಗಿನಿಂದಲೋ ಹೊಟ್ಟೆಯಿಂದಲೋ ನಳಿಕೆ ಹಾಕೋಣ ಎಂದರು ಡಾಕ್ಟರು. ಅಪ್ಪ ‘ಬೇಡ’ ಎಂದು ಬರೆದರು. ಆ ಎರಡಕ್ಷರ ಬರೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ, ಡಾಕ್ಟರು ನಡುವೆ ಹೋಗಿ ಇನ್ನೊಬ್ಬ ರೋಗಿಯನ್ನು ನೋಡಿ ಬಂದರು.

— ಮಗಳು


ಮೇ 16

ಮಗಳೇ,

ಹಲ್ಲು ನೋವಲ್ಲ.

ಆವತ್ತು ಮಾಂಸ ಬೆಂದಿರಲಿಲ್ಲ. ನಾನೂ ಕೆಲಸದಿಂದ ತಡವಾಗಿ ಬಂದಿದ್ದೆ, ಅವಸರದಲ್ಲಿ ಬೇಯಿಸಿದ್ದೆ. ಅವನು ಎರಡು ಸಲ ಜಗಿದು ತಟ್ಟೆಗೆ ಉಗಿದ. ಇದನ್ನು ನೀನೇ ಜಗಿ ಎಂದ. ನಾನು ಜಗಿಯಲು ಹೋದೆ, ಮಗಳೇ. ನಿಜವಾಗಿ ಬಾಯಿಗೆ ಹಾಕಿಕೊಂಡೆ. ಜಗಿಯುತ್ತಿರುವಾಗಲೇ ಹೊಡೆದ. ನೀನು ಪಕ್ಕದ ಕೋಣೆಯಲ್ಲಿ ಮಗ್ಗಿ ಬಾಯಿಪಾಠ ಮಾಡುತ್ತಿದ್ದೆ. ಅದು ಮೊದಲ ಸಲವಲ್ಲ. ಮುರಿದದ್ದು ಮೊದಲ ಸಲ.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ದೊಡ್ಡ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟ. ಹೊಸ ಕುಕ್ಕರ್. ನನ್ನ ಬಾಯಿಗೆ ತಂತಿ ಬಿಗಿದಿದ್ದರು. ಅವನು ಪ್ಲಗ್ ಹಾಕಿ, ದೀಪ ಹತ್ತಿದ್ದನ್ನು ತೋರಿಸಿ, ಬಹಳ ಪ್ರೀತಿಯಿಂದಲೇ ಹೇಳಿದ:

“ನೋಡು, ಇನ್ಮೇಲೆ ಎಲ್ಲಾ ಮೆತ್ತಗೆ ಬೇಯುತ್ತೆ.”

ಕೆಳಮನೆಯ ಮೆಣಸಿನಜ್ಜಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅವನು ಕೆಲಸಕ್ಕೆ ಹೋದ ಮೇಲೆ ಮೇಲೆ ಬರುತ್ತಿದ್ದಳು. ನಮ್ಮ ಭಾಷೆ ಅವಳಿಗೆ ಅರೆಬರೆ. ಅವಳ ಊರಿನ ಸುರುಳಿಯನ್ನು ಆ ಕುಕ್ಕರಿನಲ್ಲೇ ಬೇಯಿಸಿ, ಅರೆದು, ಸೋಸಿ, ಕುಡಿಸುತ್ತಿದ್ದಳು. ನಿನಗೂ ಅವನಿಗೂ ಇಡಿಯಾಗಿ, ನನಗೆ ಲೋಟದಲ್ಲಿ. ಅವನು ಚಪ್ಪರಿಸಿ ತಿನ್ನುತ್ತಿದ್ದ. ತಂತಿ ಬಿಚ್ಚಿದ ದಿನ ನಾನು ಒಂದು ಸುರುಳಿಯನ್ನು ಇಡಿಯಾಗಿ ತಿಂದೆ. ಅವಳ ಮನೆಯಲ್ಲಿ ಕೂತು, ನಿಧಾನವಾಗಿ. ಆಮೇಲೆ ನಿನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಹೊರಟೆ. ಕೆಲಸ ಸಿಕ್ಕಿದ ಕೂಡಲೇ ಬಂದು ಕರೆದುಕೊಂಡು ಹೋಗುವುದೆಂದಿತ್ತು. ಅಷ್ಟರಲ್ಲಿ ಅವನು ನಿನ್ನನ್ನು ಕರೆದೊಯ್ದು ಮನೆ ಬದಲಿಸಿದ್ದ. ಶಾಲೆ ಹುಡುಕಿ ಗೇಟಿನ ಹತ್ತಿರ ಬಂದೆ. ನೀನು ನನ್ನನ್ನು ನೋಡಿ ಟೀಚರ ಸೀರೆಯ ಹಿಂದೆ ಅಡಗಿಕೊಂಡೆ. ನಾನು ಹಿಂದಕ್ಕೆ ಹೋದೆ. ಹೋಗಬಾರದಿತ್ತೇನೋ.

ಬೇಕೆಂದೇ ಹೇಳಿದೆಯಾ ಎಂದು ಕೇಳಿದ್ದೀಯ. ಇಲ್ಲ. ಬಾಯಿ ಕೆಟ್ಟವರಿಗೆ ಉಣಿಸಲು ನನಗೆ ಗೊತ್ತಿದ್ದದ್ದು ಅದೊಂದೇ ದಾರಿ. ಆದರೆ ನಿನ್ನ ಪತ್ರ ಓದಿದ ಮೇಲೆ ಪಾತ್ರೆ ತಿಕ್ಕುತ್ತಾ ಅದನ್ನೇ ನನ್ನನ್ನು ನಾನು ಕೇಳಿಕೊಳ್ಳುತ್ತಿದ್ದೇನೆ. ಪ್ರತಿ ಸಲವೂ ಇಲ್ಲ ಎಂದೇ ಬರುತ್ತದೆ. ಸ್ವಲ್ಪ ತಡವಾಗಿ ಬರುತ್ತದೆ.

ನರ್ಸಮ್ಮ ಹೇಳಿದ ಹಾಗೆ ಗಟ್ಟಿಯಾಗಿ ಮಾಡು. ಸೋಸಬೇಡ, ನುಣ್ಣಗೆ ಅರೆದು ಸ್ವಲ್ಪ ಆಲೂಗೆಡ್ಡೆ ಸೇರಿಸು, ಹಿಡಿದುಕೊಳ್ಳುತ್ತದೆ.

ಇಂತಿ,
ಅಮ್ಮ


ಜೂನ್ 14

ಅಮ್ಮ,

ಮನೆಗೆ ಕರೆತಂದಿದ್ದೇನೆ. ಕೈ ಹೋಯಿತು. ಸ್ಲೇಟು ಇನ್ನು ಬೇಕಾಗಿಲ್ಲ. ಹೌದು ಎಂದರೆ ಕಣ್ಣು ಮೇಲೆ, ಇಲ್ಲ ಎಂದರೆ ಕೆಳಗೆ. ನೀರು ಬೇಕಾ, ಮೇಲೆ. ಮಗ್ಗುಲಾಗಬೇಕಾ, ಕೆಳಗೆ. ಹೀಗೆ.

ನಿನ್ನ ಪತ್ರವನ್ನು ಬಹಳ ದಿನ ಕೈಯಲ್ಲಿ ಹಿಡಿದುಕೊಂಡು ತಿರುಗಿದೆ. ಸುಳ್ಳಿರಬಹುದು ಎಂದು ನಿನ್ನನ್ನೂ ಅನುಮಾನಿಸಿದೆ. ನನಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ಬೆಳಗಾಗುವವರೆಗೆ ಕೂತವರು ಅಪ್ಪ. ಜಡೆ ಹಾಕಲು ಕಲಿತವರು ಅಪ್ಪ, ಟೈಲ್ಸಿನ ಸಂದು ತುಂಬುವ ಬೆರಳಿನಲ್ಲಿ. ನನ್ನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ಆ ಮನುಷ್ಯನನ್ನೇ ನೀನು ಬರೆದದ್ದಾ?

ಹೋದ ಶುಕ್ರವಾರ ದಿಂಬು ಸರಿಮಾಡಿ ಎದುರು ಕೂತು ಕೇಳಿದೆ.

“ಅಪ್ಪ, ಅಮ್ಮನ ದವಡೆ ಮುರಿದಿದ್ದು ನೀನಾ?”

ಕಣ್ಣು ಮೇಲೆ ಹೋಯಿತು. ತಡ ಮಾಡಲಿಲ್ಲ. ಕೇಳಲಿ ಎಂದೇ ಕಾದಿದ್ದ ಹಾಗೆ.

ಹೌದು, ಇಲ್ಲ, ಅಷ್ಟೇ ಹೇಳಬಲ್ಲವರ ಹತ್ತಿರ ಯಾಕೆ ಎಂದು ಹೇಗೆ ಕೇಳುವುದು?

ಮರುದಿನ ಬೆಳಿಗ್ಗೆ ಅರೆದದ್ದು ಬಟ್ಟಲಿಗೆ ಹಾಕಿ ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟೆ. ಚಮಚವನ್ನೂ ಇಟ್ಟೆ. ಹೋಗಿ ಅಡುಗೆಮನೆಯಲ್ಲಿ ಕೂತೆ. ಮರೆತದ್ದಲ್ಲ, ಅಮ್ಮ. ಕೆಲಸವೂ ಇರಲಿಲ್ಲ. ಸುಮ್ಮನೆ ಕೂತೆ. ಮಧ್ಯಾಹ್ನ ಬಾಗಿಲಿಂದ ನೋಡಿದೆ. ಅಪ್ಪ ಬಟ್ಟಲನ್ನು ನೋಡುತ್ತಿದ್ದರು. ನನ್ನನ್ನು ನೋಡಿದರು. ಕಣ್ಣು ಮೇಲೂ ಹೋಗಲಿಲ್ಲ, ಕೆಳಗೂ ಹೋಗಲಿಲ್ಲ. ನಾನು ವಾಪಸು ಹೋಗಿ ಕೂತೆ. ಬಿಸಿಲು ಗೋಡೆಯಿಂದ ಇಳಿಯುವವರೆಗೆ ಕೂತೆ. ಹೊಟ್ಟೆಯ ಸದ್ದು ಕೇಳಿಸುತ್ತಿತ್ತು, ಅವರದೋ ನನ್ನದೋ. ಆಮೇಲೆ ಎದ್ದು ಬಿಸಿಮಾಡಿ ತಿನ್ನಿಸಿದೆ. ಅವರು ಬಾಯಿ ತೆರೆದರು. ಪ್ರತಿ ಚಮಚಕ್ಕೂ ತೆರೆದರು.

ಇದನ್ನು ಯಾರಿಗೂ ಹೇಳಿಲ್ಲ. ಮತ್ತೆ ಮಾಡುವುದಿಲ್ಲ ಎಂದು ಬರೆಯಬೇಕೆಂದು ಪೆನ್ನು ಹಿಡಿದೆ. ಬರೆಯಲಾಗುತ್ತಿಲ್ಲ.

— ಮಗಳು


ಜೂನ್ 27

ಮಗಳೇ,

ಬರುವ ಭಾನುವಾರ ಬೆಳಿಗ್ಗೆ ಬರುತ್ತೇನೆ. ನೀನು ಸಂಜೆಯವರೆಗೆ ಹೊರಗೆ ಹೋಗು. ಎಲ್ಲಿಗಾದರೂ ಹೋಗು, ಮನೆಯಲ್ಲಿರಬೇಡ. ಆವತ್ತು ನಾನು ತಿನ್ನಿಸುತ್ತೇನೆ.

ಅವರಿಗಾಗಿ ಬರುತ್ತಿಲ್ಲ.

ಅಮ್ಮ


ಜುಲೈ 7

ಅಮ್ಮ,

ಮೆಟ್ಟಿಲ ಮೇಲೆ ನೀನು ಏನೋ ಹೇಳಿದೆ, ನನಗೆ ತಿಳಿಯಲಿಲ್ಲ. ಏನು, ಏನು ಎಂದು ಕೇಳುತ್ತಲೇ ಇದ್ದೆ. ಕೊನೆಗೆ ನೀನು ಸಣ್ಣಗಾಗಿದ್ದೀಯ ಎಂದದ್ದು ಎಂದು ಗೊತ್ತಾಯಿತು. ನಿನ್ನ ಬಾಯಿ ಎಡಕ್ಕೆ ಎಳೆದುಕೊಂಡಿದೆ. ಮೊದಲಿನಿಂದಲೂ ಹಾಗೇ ಇತ್ತು ಎಂದು ನನ್ನ ನೆನಪಿನಲ್ಲಿತ್ತು. ನಿನ್ನ ಹಳೇ ಫೋಟೊ ಹುಡುಕಿ ನೋಡಿದೆ. ಇರಲಿಲ್ಲ.

ನಾನು ದಿನವಿಡೀ ಬಸ್ಸಿನಲ್ಲಿ ಕೂತಿದ್ದೆ, ಕೊನೆಯ ಸ್ಟಾಪಿನವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು. ಸಂಜೆ ಬಂದರೆ ನೀನಿರಲಿಲ್ಲ. ನೀನು ಪಾತ್ರೆ ತೊಳೆದು ಬೋರಲು ಹಾಕಿದ್ದೆ. ಅಪ್ಪನಿಗೆ ಬಟ್ಟೆ ಬದಲಿಸಿದ್ದೆ, ಗಡ್ಡ ತೆಗೆದಿದ್ದೆ.

ಆವತ್ತಿನಿಂದ ಅಪ್ಪ ಬಾಯಿ ತೆರೆಯುತ್ತಿಲ್ಲ. ಚಮಚ ತುಟಿಗೆ ತಾಗಿಸಿದರೆ ಕಣ್ಣು ಕೆಳಗೆ. ಬಲವಂತ ಮಾಡಲು ಹೋದೆ, ಗಲ್ಲದ ಮೇಲೆಲ್ಲ ಚೆಲ್ಲಿತು. ನರ್ಸಮ್ಮನಿಗೆ ಫೋನ್ ಮಾಡಿದೆ, ನಾಳೆ ಬರುತ್ತಾರೆ. ನೀನು ಅಪ್ಪನಿಗೆ ಏನು ಹೇಳಿದೆ? ದಯವಿಟ್ಟು ಮುಚ್ಚಿಡಬೇಡ.

— ಮಗಳು


ಜುಲೈ 12

ಮಗಳೇ,

ಏನೂ ಹೇಳಲಿಲ್ಲ. ಹೇಳಬೇಕೆಂದು ಎಷ್ಟೋ ಇತ್ತು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಕೋಣೆಗೆ ಹೋದಾಗ ಗಲ್ಲದ ಮೇಲೆ ಜೊಲ್ಲು ಇಳಿದಿತ್ತು, ನೊಣ ಕೂತಿತ್ತು, ಓಡಿಸಲು ಕೈಯಿಲ್ಲ. ನನ್ನ ಸೆರಗು ತಾನಾಗಿ ಹೋಗಿ ಒರೆಸಿಬಿಟ್ಟಿತು. ಅದಕ್ಕೆ ನನಗೆ ನನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ನಿಂತೆ. ಮತ್ತೆ ಒಳಗೆ ಬಂದೆ.

ಚಮಚದಿಂದ ತಿನ್ನಿಸಿದೆ. ತಿಂದರು. ನಡುನಡುವೆ ಕಣ್ಣು ಮೇಲೆ ಮಾಡುತ್ತಿದ್ದರು. ನಾನು ಏನನ್ನೂ ಕೇಳಿರಲಿಲ್ಲ. ಆದರೂ ಮೇಲೆ, ಮತ್ತೆ ಮೇಲೆ. ಯಾವುದಕ್ಕೆ ಹೌದು ಎನ್ನುತ್ತಿದ್ದರೋ ಅವರಿಗೇ ಗೊತ್ತು. ನಾನು ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಬರೆಯುತ್ತಿದ್ದೆ.

ಬಟ್ಟಲು ಖಾಲಿಯಾದ ಮೇಲೆ ಒಂದು ಮಾತು ಕೇಳಿದೆ. ನನ್ನ ಮಾತು ಯಾರಿಗೂ ತಿಳಿಯುವುದಿಲ್ಲ, ಅವರಿಗೆ ಒಂದೇ ಸಲಕ್ಕೆ ತಿಳಿಯಿತು.

“ಇನ್ನೂ ತಿನ್ನಬೇಕು ಅನ್ಸುತ್ತಾ ನಿಮಗೆ?”

ಕಣ್ಣು ಕೆಳಗಾಯಿತು. ಇವತ್ತಿನ ಮಾತಲ್ಲ, ಇನ್ನು ಮುಂದೆ ಎಂದೆ. ಮತ್ತೆ ಕೆಳಗೆ. ಮಗಳು ನಿಮಗೆ ತಿನ್ನಿಸುವುದು ಬೇಡವಾ ಎಂದೆ. ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಮೇಲೆ ನೋಡಿದರು, ಹೌದು, ಬೇಡ ಎಂದು.

ಕೇಳಬಾರದಿತ್ತೇನೋ ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಬಲವಂತ ಮಾಡಬೇಡ. ನರ್ಸಮ್ಮನಿಗೆ ಇದನ್ನೆಲ್ಲ ಹೇಳು. ಡಾಕ್ಟರು ಇನ್ನೊಮ್ಮೆ ಅವರನ್ನೇ ಕೇಳಲಿ. ಬಾಯಿ ಒಣಗದಂತೆ ಒದ್ದೆ ಹತ್ತಿ ಒತ್ತುತ್ತಿರು.

ಇಂತಿ,
ಅಮ್ಮ


ಆಗಸ್ಟ್ 3

ಅಮ್ಮ,

ಅಪ್ಪ ಹೋದರು. ನಿನ್ನ ಪತ್ರ ಬಂದ ವಾರದಲ್ಲೇ. ನಳಿಕೆ ಹಾಕಲಾ ಎಂದು ಡಾಕ್ಟರು ಮನೆಗೇ ಬಂದು ಕೇಳಿದರು, ಎರಡು ಸಲ ಬೇರೆ ಬೇರೆ ದಿನ ಕೇಳಿದರು, ಎರಡು ಸಲವೂ ಕೆಳಗೆ. ನೋವಿಗೆ ಔಷಧಿ ಕೊಟ್ಟರು. ಕೊನೆಯ ದಿನಗಳಲ್ಲಿ ನಾನು ಹತ್ತಿ ಅದ್ದಿ ತುಟಿಗೆ ಒತ್ತುತ್ತಾ ಕೂತಿದ್ದೆ. ಮಧ್ಯಾಹ್ನ, ಕೆಳಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದರು, ಆ ಸದ್ದಿನಲ್ಲಿ ಉಸಿರು ನಿಂತದ್ದು ನನಗೆ ಕೇಳಿಸಲೇ ಇಲ್ಲ. ನಿನಗೆ ಹೇಳಿ ಕಳಿಸಲಿಲ್ಲ. ಬೇಕೆಂದೇ ಕಳಿಸಲಿಲ್ಲ. ಬರುವುದೋ ಬಿಡುವುದೋ ಎಂಬ ಯೋಚನೆ ನಿನಗೆ ಬೇಡ ಅನ್ನಿಸಿತು.

ಟೈಲ್ಸ್ ಕೆಲಸದವರೆಲ್ಲ ಬಂದಿದ್ದರು. ಅಂಗಡಿಯ ಯಜಮಾನರು ಬಂದಿದ್ದರು. ಅಪ್ಪನ ಹಳೇ ಮೇಸ್ತ್ರಿ ನನ್ನ ತಲೆಯ ಮೇಲೆ ಕೈಯಿಟ್ಟು, ದೇವರಂಥ ಮನುಷ್ಯ, ಒಂಟಿಯಾಗಿ ಮಗಳನ್ನು ಸಾಕಿದ ಎಂದರು. ಸುತ್ತ ಎಲ್ಲರೂ ಹೌದು ಹೌದು ಎಂದರು. ನಾನೂ ತಲೆ ಆಡಿಸಿದೆ. ಸಾಕಿದ್ದು ನಿಜವೇ ಅಲ್ಲವಾ, ಅಮ್ಮ. ಅತ್ತೆ. ನಿಜವಾಗಿಯೂ ಅತ್ತೆ. ಯಾರಿಗಾಗಿ ಎಂದು ಕೇಳಬೇಡ.

— ಮಗಳು


ಆಗಸ್ಟ್ 15

ಮಗಳೇ,

ಸುದ್ದಿ ತಿಳಿದ ದಿನ ಕ್ಯಾಂಟೀನಿನಲ್ಲಿ ಎಂದಿನಂತೆ ಅಡುಗೆ ಮಾಡಿದೆ. ಉಪ್ಪು ಹಾಕುವುದನ್ನೇ ಮರೆತೆನಂತೆ. ಯಾರೂ ಜಗಳವಾಡಲಿಲ್ಲ.

ಇಲ್ಲಿಗೆ ಬಾ. ನನ್ನ ಕೋಣೆ ಸಣ್ಣದು, ಆದರೆ ಎರಡು ಮಂಚ ಹಿಡಿಸುತ್ತದೆ. ಅಳತೆ ಹಾಕಿದ್ದೇನೆ. ಕಿಟಕಿಯ ಕಡೆಯದು ನಿನಗೆ. ಕ್ಯಾಂಟೀನಿನಲ್ಲಿ ಇನ್ನೊಂದು ಕೈ ಬೇಕು ಎನ್ನುತ್ತಿದ್ದಾರೆ. ಕನ್ನಡಕದ ಅಂಗಡಿಯೂ ಒಂದಿದೆ, ಬೇಕೆಂದರೆ ಕೇಳಿ ನೋಡುತ್ತೇನೆ. ನೀನು ಬರೆದರೆ ಸಾಕು, ಬಂದು ಕರೆದುಕೊಂಡು ಬರುತ್ತೇನೆ.

ಇಂತಿ,
ನಿನ್ನ ಅಮ್ಮ


ಅಕ್ಟೋಬರ್ 2

ಅಮ್ಮ,

ಉತ್ತರ ತಡವಾಯಿತು. ಮನೆ ಖಾಲಿ ಮಾಡಿದೆ. ಅಂಗಡಿಯವರು ಪೂರ್ತಿ ದಿನದ ಕೆಲಸ ಮತ್ತೆ ಕೊಟ್ಟಿದ್ದಾರೆ. ಅದೇ ಬೀದಿಯಲ್ಲಿ ಮೂರನೇ ಮಹಡಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಒಲೆ ಇಟ್ಟಿಲ್ಲ. ಬ್ರೆಡ್ಡು, ಹಣ್ಣು, ಹೋಟೆಲಿನ ಊಟ. ಯಾರಿಗೂ ಬಾಯಿ ತೆರೆ ಎಂದು ಹೇಳಬೇಕಾಗಿಲ್ಲದ ಮನೆಯಲ್ಲಿ ಸ್ವಲ್ಪ ಕಾಲ ಇರಬೇಕು. ಅದಕ್ಕೇ ಬರುತ್ತಿಲ್ಲ. ಎರಡನೇ ಮಂಚ ತರಬೇಡ.

ಒಂದು ವಿಷಯ ಹೇಳಬೇಕು. ಪಕ್ಕದ ಕೋಣೆಯಲ್ಲಿ ಒಬ್ಬಳು ಹೆಂಗಸು, ನನ್ನ ವಯಸ್ಸಿನವಳೇ, ಕೈಗೂಸು ಇದೆ. ನಿನ್ನೆ ಸಂಜೆ ಬಾಗಿಲು ತಟ್ಟಿದಳು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಿದ್ದಳು, ಕೈಯಲ್ಲಿ ಬಟ್ಟಲು, ಬಟ್ಟಲಿನಲ್ಲಿ ಬೇಯಿಸಿ ಅರೆದ ಸೇಬು. ಅವಳಿಗೆ ಕೆಳಗೆ ಹೋಗಿ ನಲ್ಲಿಯವನನ್ನು ಕರೆತರಬೇಕಿತ್ತು, ಮನೆಯೆಲ್ಲ ನೀರಾಗುತ್ತಿತ್ತು.

“ಎರಡೇ ಎರಡು ಚಮಚ ತಿನ್ಸಿ ಅಕ್ಕಾ, ಬಂದ್ಬಿಡ್ತೀನಿ” ಎಂದಳು.

ಮಗು ನನ್ನನ್ನು ನೋಡಿ ತಾನಾಗಿ ಬಾಯಿ ತೆರೆಯಿತು.

ನಾನು ಆಗುವುದಿಲ್ಲ ಎಂದೆ. ಬಾಗಿಲು ಹಾಕಿಕೊಂಡೆ. ಅವಳು ಮಗುವನ್ನು ಹೊತ್ತುಕೊಂಡೇ ಮೆಟ್ಟಿಲಿಳಿದು ಹೋದದ್ದು ಕೇಳಿಸಿತು. ಮಗು ಅಳುತ್ತಿತ್ತು. ಅದು ಸುಮ್ಮನಾಗುವವರೆಗೆ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ಅವಳು ಒಳ್ಳೆಯವಳು, ಮತ್ತೆ ಕೇಳುತ್ತಾಳೆ. ಆಗ ಏನು ಹೇಳುತ್ತೇನೋ ನನಗೆ ಗೊತ್ತಿಲ್ಲ. ಅದು ಗೊತ್ತಾಗುವವರೆಗೆ ನೀನು ಬರಬೇಡ. ಗೊತ್ತಾದ ದಿನ, ಅದು ಏನೇ ಆಗಿರಲಿ, ನಿನಗೆ ಬರೆಯುತ್ತೇನೆ.

ಇಂತಿ,
ನಿನ್ನ ಮಗಳು